ಧ್ರುವದ ಮಂಜುಗಡ್ಡೆಯ ಸೀಳು: ರೇಡಾರ್ ಚಿತ್ರದಲ್ಲಿ ಕಪ್ಪಗಿರುವುದೆಲ್ಲ ನೀರಲ್ಲ

ಅಲಾಸ್ಕಾದ ಉತ್ತರಕ್ಕಿರುವ ಬೋಫೋರ್ಟ್ ಸಮುದ್ರದಲ್ಲಿ ಚಳಿಗಾಲವೆಂದರೆ ಕತ್ತಲು, ಮೋಡ. ಅಲ್ಲಿ ಮಂಜುಗಡ್ಡೆ ಎಲ್ಲಿ ಸೀಳಿದೆಯೆಂದು ನೋಡಲು ಕತ್ತಲು, ಮೋಡ ದಾಟಿ ಕಾಣುವ ರೇಡಾರೇ ಬೇಕು. ಯುರೋಪಿನ ಸೆಂಟಿನೆಲ್-1 ರೇಡಾರ್ ಉಪಗ್ರಹದ ಚಿತ್ರಗಳೂ ಅವನ್ನು ಹದಗೊಳಿಸುವ ಸ್ನ್ಯಾಪ್ ತಂತ್ರಾಂಶವೂ ಪುಕ್ಕಟೆ.

1. ಈ ಚಿತ್ರಗಳನ್ನು ಹಂಚುವ ಕೋಪರ್ನಿಕಸ್ ಜಾಲತಾಣದಿಂದ ಫೆಬ್ರವರಿ–ಮಾರ್ಚ್‌ನ ಇಡಬ್ಲ್ಯೂ ಜಿಆರ್‌ಡಿ (ಅತಿ ಅಗಲ ಪಟ್ಟಿಯ, ನೆಲದ ದೂರಕ್ಕೆ ಹೊಂದಿಸಿದ) ಚಿತ್ರ ಇಳಿಸಿಕೊಳ್ಳಿ: 400 ಕಿ.ಮೀ. ಅಗಲ, 40 ಮೀ. ಪಿಕ್ಸೆಲ್. ಎಚ್‌ಎಚ್ (ಅಡ್ಡಲಾಗಿ ಕಂಪಿಸುವ ಅಲೆ ಕಳಿಸಿ ಅಡ್ಡಲಾದುದನ್ನೇ ಹಿಡಿದದ್ದು), ಎಚ್‌ವಿ (ಅಡ್ಡಲಾಗಿ ಕಳಿಸಿ ಲಂಬವಾದುದನ್ನು ಹಿಡಿದದ್ದು) ಎರಡೂ ಇರಲಿ. ಬೇಸಿಗೆಯದು ಬೇಡ, ಹಿಮ ಒದ್ದೆಯಾದರೆ ಗುರುತೆಲ್ಲ ಅಳಿಸಿಹೋಗುತ್ತದೆ. ತಾಣದಲ್ಲಿ ಕಾಣುವ ಕ್ವಿಕ್‌ಲುಕ್ ಚಿತ್ರ ಆಯ್ಕೆಗಷ್ಟೇ, ಅಳತೆಗಲ್ಲ.

2. ಸ್ನ್ಯಾಪ್‌ನಲ್ಲಿ ಆರ್ಬಿಟ್ ಫೈಲ್ (ಉಪಗ್ರಹದ ನಿಖರ ಸ್ಥಾನ) ಹಾಕುವುದು, ಥರ್ಮಲ್ ನಾಯ್ಸ್ (ಉಪಕರಣದ್ದೇ ಗದ್ದಲ) ತೆಗೆಯುವುದು, ಕ್ಯಾಲಿಬ್ರೇಶನ್ (ಹೊಳಪನ್ನು ಅಳತೆಗೆ ತರುವುದು), ಇದೇ ಕ್ರಮ. ನಾಯ್ಸ್ ತೆಗೆಯದಿದ್ದರೆ ಎಚ್‌ವಿಯಲ್ಲಿ ಉದ್ದುದ್ದ ಪಟ್ಟೆ ಉಳಿಯುತ್ತದೆ.

3. ಚಿತ್ರದ ಕಾಳುಕಾಳು ಚುಕ್ಕೆ ತಗ್ಗಿಸುವ ಸ್ಪೆಕಲ್ ಫಿಲ್ಟರ್ 3×3 ಪಿಕ್ಸೆಲ್ ಸಾಕು. 7×7 ಅಂದರೆ 280 ಮೀ.; ಸಣ್ಣ ಸೀಳುಗಳನ್ನು ನೀವೇ ಒರೆಸಿಹಾಕಿದಂತೆ.

4. ಚಿತ್ರವನ್ನು ನಕ್ಷೆಗೆ ಕೂರಿಸಲು ಟೆರೇನ್ ಕರೆಕ್ಷನ್ (ನೆಲದ ಎತ್ತರ ನೋಡಿ ತಿದ್ದುವುದು) ಒತ್ತಿ ಕಡಲೆಲ್ಲ ಖಾಲಿಯಾಯಿತೆಂದು ಗಾಬರಿಯಾಗುವವರು ಬಹಳ. ಎತ್ತರದ ದತ್ತಾಂಶವಿಲ್ಲದ ಜಾಗವನ್ನು ಮರೆಮಾಡುವ ಆಯ್ಕೆ ಅಲ್ಲಿ ಮೊದಲೇ ಟಿಕ್ ಆಗಿರುತ್ತದೆ. ಅದರ ಬದಲು ಭೂಮಿಗೆ ದಿಬ್ಬ-ತಗ್ಗಿಲ್ಲವೆಂದು ಹಿಡಿಯುವ ಎಲಿಪ್ಸಾಯ್ಡ್ ಕರೆಕ್ಷನ್ ಬಳಸಿ. ಪ್ರೊಜೆಕ್ಷನ್ ಇಪಿಎಸ್‌ಜಿ 3413 (ಉತ್ತರ ಧ್ರುವದ ನಕ್ಷೆಯ ಸಂಕೇತ). ಹೊಳಪಿನ ಅಂಕಿಗಳನ್ನು ಡೆಸಿಬೆಲ್‌ಗೆ ಬದಲಿಸುವುದು ಕೊನೆಗೆ.

5. ಎಡವುವುದು ಚಿತ್ರ ಓದುವಾಗ. ಹೊಸದಾಗಿ ಬಾಯಿಬಿಟ್ಟ ಸೀಳಿನಲ್ಲಿ ಗಾಳಿಯಿಲ್ಲದಿದ್ದರೆ ನೀರು ಕನ್ನಡಿ. ಓರೆಯಾಗಿ ಬಿದ್ದ ರೇಡಾರ್ ಅಲೆ ಆಚೆಗೇ ಚಿಮ್ಮುತ್ತದೆ, ಕಪ್ಪು ಕಾಣುತ್ತದೆ. ಗಾಳಿ ಬೀಸಿತೋ, ಅದೇ ನೀರು ಎಚ್‌ಎಚ್‌ನಲ್ಲಿ ಬೆಳ್ಳಗಾಗುತ್ತದೆ. ಎಚ್‌ವಿ ಗಾಳಿಗೆ ಅಷ್ಟು ಬಗ್ಗುವುದಿಲ್ಲ, ಹಾಗಾಗಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕೆಲವೇ ಗಂಟೆಗಳಲ್ಲಿ ನೀರಿನ ಮೇಲೆ ಮಂಜುಗಡ್ಡೆಯ ತೆಳುಪದರ ಕಟ್ಟುತ್ತದೆ. ಅದು ನುಣುಪು, ಅದೂ ಕಪ್ಪೇ! ಆಮೇಲೆ ಅದರ ಮೇಲೆ ಉಪ್ಪು ಹೀರಿದ ಹಿಮದ ಹರಳುಗಳು ಹೂವಿನಂತೆ ಅರಳುತ್ತವೆ. ಕೆಲವೇ ಸೆಂ.ಮೀ. ಎತ್ತರ, ಆದರೆ ಸೆಂಟಿನೆಲ್-1ರ 5.5 ಸೆಂ.ಮೀ. ಉದ್ದದ ಅಲೆಯನ್ನು ಚದುರಿಸಲು ಅಷ್ಟು ಸಾಕು. ಸೀಳು ಮತ್ತೆ ಬೆಳ್ಳಗೆ. (ಬೆಂಗಳೂರಿನಲ್ಲಿ ಜೋಡಣೆಯಾಗಿ 2025ರ ಜುಲೈ 30ರಂದು ಹಾರಿದ ಭಾರತ–ಅಮೆರಿಕದ ರೇಡಾರ್ ಉಪಗ್ರಹ ನಿಸಾರ್‌ನ 24 ಸೆಂ.ಮೀ. ಅಲೆ ಈ ಹೂವುಗಳಿಗೆ ಅಷ್ಟಾಗಿ ಮೋಸಹೋಗದು.)

ಹಾಗಾದರೆ ಆ ಬಿಳಿ ಗೆರೆ ಸೀಳೋ, ಗಡ್ಡೆಗಳು ಒತ್ತಿಕೊಂಡು ಎದ್ದ ದಿಬ್ಬವೋ? ಒಂದೆರಡು ದಿನ ಹಿಂದಿನ ಚಿತ್ರ ತೆಗೆಯಿರಿ. ಸೀಳಾದರೆ ಎರಡು ಅಂಚುಗಳೂ ಮುರಿದ ಕಡಕ್ ರೊಟ್ಟಿಯ ತುಂಡುಗಳಂತೆ ಒಂದಕ್ಕೊಂದು ಕೂಡುತ್ತವೆ. ಆದರೆ ಅಕ್ಷಾಂಶ-ರೇಖಾಂಶ ನಂಬಿ ಹೋಲಿಸಬೇಡಿ. ಗಡ್ಡೆ ದಿನಕ್ಕೆ ಹಲವು ಕಿ.ಮೀ. ತೇಲಿರುತ್ತದೆ. ಆಕಾರ ಬದಲಾಗದ ಹಳೆಯ ಗಡ್ಡೆಯೊಂದನ್ನು ಹಿಡಿದು ಹೊಂದಿಸಿ.

ಇಡೀ ಚಿತ್ರಕ್ಕೆ ಒಂದೇ ಡೆಸಿಬೆಲ್ ಗೆರೆ ಎಳೆದು ಕಂಪ್ಯೂಟರಿಗೆ ಬಿಡುವ ಅಡ್ಡದಾರಿ ಬೇಡವೇ ಬೇಡ. ಅಲೆ ಬೀಳುವ ಕೋನ ಒಂದಂಚಿನಲ್ಲಿ ಸುಮಾರು 19 ಡಿಗ್ರಿ, ಇನ್ನೊಂದಂಚಿನಲ್ಲಿ 47. ಒಂದೇ ಗಡ್ಡೆ ಅಲ್ಲಿ ಬೆಳಗಿ ಇಲ್ಲಿ ಮಂಕಾಗುತ್ತದೆ.

6. ಅಗಲವನ್ನು ಸೀಳಿಗೆ ಅಡ್ಡಲಾಗಿ ಐದಾರು ಕಡೆ ಅಳೆಯಿರಿ. ಚಿತ್ರದ ನಿಜವಾದ ಸ್ಪಷ್ಟತೆ ಸುಮಾರು 90 ಮೀ.; ಅದಕ್ಕಿಂತ ಕಿರಿದಾದುದಕ್ಕೆ 'ಸೀಳು ಇದೆ' ಎಂದಷ್ಟೇ ಬರೆಯಿರಿ, ಅಂಕಿ ಕೊಡಬೇಡಿ.