‘ಎಲ್ಲಿಗೆ ಹೋದರು?’: ನನ್ನ ನೋಟ್‌ಬುಕ್ಕಿನ ಒಂದು ಕಾಲಂ

ಮಳೆ ಹಿಡಿದ ಮೇಲೆ ನನ್ನ ನೋಟ್‌ಬುಕ್ಕಿನಿಂದ ಜನ ಕಾಣೆಯಾಗುತ್ತಾರೆ. ಸೋಮವಾರ ‘ಜ್ವರ, ಕೆಮ್ಮು’ ಎಂದು ಬರೆದುಕೊಂಡ ಮನೆಗೆ ಗುರುವಾರ ಹೋದರೆ ಬಾಗಿಲಿಗೆ ಬೀಗ. ಪಕ್ಕದ ಮನೆಯ ಅಕ್ಕ ಬೇಲಿಯಾಚೆಯಿಂದ ಕೂಗಿ ಹೇಳುತ್ತಾರೆ: “ಅವರು ಕುಡ್ಲಕ್ಕೆ ಹೋದರು ಸಿಸ್ಟರ್. ರಾತ್ರಿ ದಮ್ಮು ಜಾಸ್ತಿ ಆಯ್ತು.”

ಕುಡ್ಲ ಅಂದರೆ ಮಂಗಳೂರು. ನಾನು ಕೆಲಸ ಮಾಡುವುದು ಕಾಸರಗೋಡು ಜಿಲ್ಲೆಯ ಉತ್ತರದ ತುದಿಯಲ್ಲಿ, ಗಡಿಗೆ ಅಂಟಿಕೊಂಡ ಪಂಚಾಯತಿನಲ್ಲಿ, ಪಬ್ಲಿಕ್ ಹೆಲ್ತ್ ನರ್ಸ್ ಆಗಿ. ಇಲ್ಲಿ ಕಾಯಿಲೆ ಜೋರಾದರೆ ಗಾಡಿ ತಲಪಾಡಿಯ ಗಡಿ ದಾಟಿ ಕರ್ನಾಟಕಕ್ಕೆ ಹೋಗುತ್ತದೆ. ಹತ್ತಿರ ಅದೇ, ಪರಿಚಯದ ಡಾಕ್ಟರು ಇರುವುದೂ ಅಲ್ಲೇ. ತಪ್ಪೇನೂ ಇಲ್ಲ. ಆದರೆ ರೋಗಿ ಗಡಿ ದಾಟಿದ ಕೂಡಲೇ ನಮ್ಮ ಲೆಕ್ಕದಿಂದಲೂ ದಾಟಿಬಿಡುತ್ತಾರೆ. ನಮ್ಮ ಪುಸ್ತಕದಲ್ಲಿ ಅವರಿಗೆ ಆಗಿದ್ದು ಬರೇ ಕೆಮ್ಮು-ಜ್ವರ. ಐಸಿಯುವಿನಲ್ಲಿ ಆಕ್ಸಿಜನ್ ಮೇಲೆ ಮಲಗಿದ್ದು ಎಲ್ಲಿಯೂ ಬರುವುದಿಲ್ಲ. ಹಾಗಾಗಿ ಕೆಲವು ವಾರ ನಮ್ಮ ವರದಿಯಲ್ಲಿ ತೀವ್ರ ನ್ಯುಮೋನಿಯಾ ಸೊನ್ನೆ ಇರುತ್ತಿತ್ತು. ಅದೇ ವಾರ ರಸ್ತೆಯಲ್ಲಿ ಆಂಬ್ಯುಲೆನ್ಸ್ ಸದ್ದು ನಿಂತಿರಲಿಲ್ಲ.

ಆ ಸೊನ್ನೆ ನನಗೆ ತುಂಬಾ ದಿನ ಕೊರೆಯಿತು. ಆಮೇಲೆ ನೋಟ್‌ಬುಕ್ಕಿನಲ್ಲಿ ಹೊಸದಾಗಿ ಒಂದು ಗೆರೆ ಎಳೆದು ಕಾಲಂ ಮಾಡಿದೆ. ಮೇಲೆ ಬರೆದೆ: ‘ಎಲ್ಲಿಗೆ ಹೋದರು?’

ಆ ಕಾಲಂ ತುಂಬಿಸಲು ಏನೇನು ಮಾಡಿದೆ ಎನ್ನುವುದನ್ನು ಹೇಳುತ್ತೇನೆ. ಅದಕ್ಕೆ ಮೊದಲು, ಯಾರನ್ನು ಎಣಿಸಬೇಕು ಎನ್ನುವುದು. ವಿಶ್ವ ಆರೋಗ್ಯ ಸಂಸ್ಥೆಯ ಅಳತೆ ಸರಳ: ಜ್ವರ ಬಂದಿರಬೇಕು ಅಥವಾ ಅಳೆದಾಗ 38 ಡಿಗ್ರಿ ಸೆಲ್ಸಿಯಸ್ ಇಲ್ಲವೇ ಜಾಸ್ತಿ ಇರಬೇಕು, ಕೆಮ್ಮು ಇರಬೇಕು, ಶುರುವಾಗಿ 10 ದಿನದ ಒಳಗಿರಬೇಕು, ಆಸ್ಪತ್ರೆಯಲ್ಲಿ ಮಲಗಿಸುವಷ್ಟು ಜೋರಾಗಿರಬೇಕು. ಇದಕ್ಕೆ ನಾವು ‘ಸಾರಿ’ (SARI, ಅಂದರೆ ಉಸಿರಾಟದ ತೀವ್ರ ಸೋಂಕು) ಕೇಸ್ ಅನ್ನುತ್ತೇವೆ. ಎಕ್ಸ್-ರೇ ಬೇಕಿಲ್ಲ, ದೊಡ್ಡ ಟೆಸ್ಟ್ ಬೇಕಿಲ್ಲ. ಎಲ್ಲರೂ ಒಂದೇ ಅಳತೆಯಲ್ಲಿ ಅಳೆದರೆ ಮಾತ್ರ ಈ ವಾರಕ್ಕೂ ಹೋದ ವಾರಕ್ಕೂ ಹೋಲಿಸಬಹುದು. ‘10 ದಿನದ ಒಳಗೆ’ ಎನ್ನುವುದರಲ್ಲೇ ನಾವು ಜಾಸ್ತಿ ಎಡವುವುದು. ಯಾವಾಗ ಶುರುವಾಯಿತು ಎಂದು ಕೇಳಿದರೆ “ನಾಲ್ಕೈದು ದಿನ ಆಯ್ತು” ಅನ್ನುತ್ತಾರೆ. ನಾನು ಈಗ ಹಾಗೆ ಕೇಳುವುದಿಲ್ಲ. “ಹೋದ ಶುಕ್ರವಾರ ಕೆಲಸಕ್ಕೆ ಹೋಗಿದ್ರಾ? ಆವತ್ತು ಹುಷಾರಿದ್ರಾ?” ಎಂದು ಕೇಳುತ್ತೇನೆ. ತಾರೀಕು ತಾನಾಗಿ ಬಾಯಿಗೆ ಬರುತ್ತದೆ.

ಮಾತೂ ಇಲ್ಲಿ ಒಂದಲ್ಲ. ಒಂದೇ ವಾರ್ಡಿನಲ್ಲಿ ಕನ್ನಡ, ತುಳು, ಮಲಯಾಳ, ಬ್ಯಾರಿ, ಮರಾಠಿ, ಕೊಂಕಣಿ ಎಲ್ಲ ಉಂಟು. ‘ಉಸಿರಾಟದ ತೊಂದರೆ ಇದೆಯೇ’ ಎಂದು ಫಾರಂನಲ್ಲಿ ಇರುವ ಹಾಗೆ ಓದಿದರೆ ಎಲ್ಲರೂ ಇಲ್ಲ ಎಂದು ತಲೆ ಆಡಿಸುತ್ತಾರೆ. ಕನ್ನಡದ ಮನೆಯಲ್ಲಿ “ದಮ್ಮು ಕಟ್ಟುತ್ತದಾ?” ಎನ್ನಬೇಕು. ತುಳುವಿನವರಲ್ಲಿ ‘ಉಸುಲು’ ಎನ್ನಬೇಕು. ಮಲಯಾಳದವರಲ್ಲಿ ‘ಶ್ವಾಸಮುಟ್ಟ್’ ಎನ್ನಬೇಕು. ‘ಕಫಕ್ಕೆಟ್ಟ್’ ಎಂದು ಅವರು ಹೇಳಿದರೆ ಅದನ್ನು ಬರೇ ಶೀತ ಎಂದು ಬಿಡಬಾರದು, ಎದೆ ನೋಡಲೇಬೇಕು.

ಎದೆ ನೋಡುವುದು ಅಂದರೆ ಏನೆಂದು ಒಂದು ಮನೆಯ ಜಗಲಿಯಲ್ಲಿ ತೋರಿಸುತ್ತೇನೆ. ಆಟಿ ತಿಂಗಳು, ಮಧ್ಯಾಹ್ನ, ಹೊರಗೆ ಜಡಿಮಳೆ. ತಾಯಿಯ ಮಡಿಲಲ್ಲಿ 9 ತಿಂಗಳ ಹೆಣ್ಣು ಮಗು. “ಸುಮ್ನೆ ಕಫ ಸಿಸ್ಟರ್, ಎರಡು ದಿನದಿಂದ ಹಾಲು ಕಮ್ಮಿ ಕುಡಿಯುತ್ತಾಳೆ,” ಎಂದರು ತಾಯಿ. ಮಗು ಅಳುತ್ತಿದ್ದರೆ ಎಣಿಸಬಾರದು, ಹಾಲು ಕುಡಿಯುತ್ತಿದ್ದರೂ ಎಣಿಸಬಾರದು. ಹತ್ತು ನಿಮಿಷ ಸುಮ್ಮನೆ ಕೂತೆವು. ಮಗು ಸಮಾಧಾನವಾದ ಮೇಲೆ ಅಂಗಿ ಮೇಲೆತ್ತಿ, ಎದೆ ಹೊಟ್ಟೆ ಸೇರುವ ಜಾಗದ ಮೇಲೆ ಕಣ್ಣಿಟ್ಟು, ವಾಚು ಪಕ್ಕದಲ್ಲಿಟ್ಟು ಪೂರ್ತಿ ಒಂದು ನಿಮಿಷ ಎಣಿಸಿದೆ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸುವ ಅಭ್ಯಾಸ ಕೆಲವರಿಗೆ ಉಂಟು. ಚಿಕ್ಕ ಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ. ಸ್ವಲ್ಪ ಹೊತ್ತು ಬೇಗ, ಸ್ವಲ್ಪ ಹೊತ್ತು ನಿಧಾನ. ಅರ್ಧ ನಿಮಿಷ ಸಾಲುವುದಿಲ್ಲ.

58 ಬಂತು. 2 ತಿಂಗಳು ತುಂಬಿದ ಮೇಲೆ 1 ವರ್ಷದವರೆಗೆ ನಿಮಿಷಕ್ಕೆ 50 ಅಥವಾ ಜಾಸ್ತಿ ಇದ್ದರೆ ಅದು ವೇಗದ ಉಸಿರು. 1ರಿಂದ 5 ವರ್ಷದವರಿಗೆ 40. 2 ತಿಂಗಳ ಒಳಗಿನ ಕೂಸಿಗೆ 60. ಎಣಿಸುವಾಗಲೇ ಇನ್ನೊಂದು ಕಂಡಿತ್ತು: ಉಸಿರು ಒಳಗೆ ಎಳೆದುಕೊಳ್ಳುವಾಗ ಪಕ್ಕೆಲುಬಿನ ಕೆಳಗಿನ ಭಾಗ ಉಬ್ಬುವ ಬದಲು ಒಳಗೆ ಗುಳಿ ಬೀಳುತ್ತಿತ್ತು. ಕಾಲಿನ ಹೆಬ್ಬೆರಳಿಗೆ ಆಕ್ಸಿಮೀಟರ್ ಕಟ್ಟಿದೆ. ರಕ್ತದ ಆಕ್ಸಿಜನ್ ಶೇ. 89. 90ಕ್ಕಿಂತ ಕೆಳಗೆ ಅಂದರೆ ಆಕ್ಸಿಜನ್ ಬೇಕೇ ಬೇಕು. 108ಕ್ಕೆ ಫೋನ್ ಮಾಡಿದೆವು. ಮಗುವನ್ನು ಅಪ್ಪ ಮಂಗಳೂರಿಗೇ ಕರೆದುಕೊಂಡು ಹೋದರು.

ಮೊದಲಾಗಿದ್ದರೆ ನನ್ನ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು. ಈಗ ಅಲ್ಲಿಂದ ಶುರು. ಮೂರನೇ ದಿನ ತಾಯಿಗೆ ಫೋನ್ ಮಾಡಿದೆ. ಮೊದಲು ಮಗುವಿನ ಬಗ್ಗೆ ಕೇಳಬೇಕು, ಕಾಗದದ ಬಗ್ಗೆ ಆಮೇಲೆ. ಇದು ನಾನು ಕಷ್ಟಪಟ್ಟು ಕಲಿತದ್ದು. ಡಿಸ್ಚಾರ್ಜ್ ಆಗಿ ಬಂದ ಮೇಲೆ ಮನೆಗೆ ಹೋಗಿ, ಒಪ್ಪಿಗೆ ಕೇಳಿ, ಚೀಟಿ ಓದಿ ಬೇಕಾದ್ದಷ್ಟೇ ಬರೆದುಕೊಂಡೆ. ಮೂಗಿನ ಸ್ವ್ಯಾಬ್‌ನಲ್ಲಿ ಆರ್‌ಎಸ್‌ವಿ ಬಂದಿತ್ತು, ಚಿಕ್ಕ ಮಕ್ಕಳ ಶ್ವಾಸಕೋಶಕ್ಕೆ ತಗಲುವ ವೈರಸ್ ಅದು. ಆಕ್ಸಿಜನ್, ನೀರಿನಂಶ, ಕಾಯುವುದು. ಚಿಕಿತ್ಸೆ ಮುಖ್ಯವಾಗಿ ಅಷ್ಟೇ. ಮಗು ಹುಷಾರಾಗಿತ್ತು, ನನ್ನ ಬ್ಯಾಡ್ಜ್ ಹಿಡಿದು ಎಳೆಯುತ್ತಿತ್ತು.

ಮಕ್ಕಳ ತೀವ್ರ ನ್ಯುಮೋನಿಯಾದಲ್ಲಿ ವೈರಸ್‌ಗಳ ಪಾಲು ಎಷ್ಟು ದೊಡ್ಡದು ಎನ್ನುವುದು ನನಗೆ ಸರಿಯಾಗಿ ಗೊತ್ತಾದದ್ದು ‘ಪರ್ಚ್’ ಎಂಬ ಅಧ್ಯಯನದ ಬಗ್ಗೆ ಓದಿದ ಮೇಲೆ. ಬಾಂಗ್ಲಾದೇಶ, ಥಾಯ್ಲೆಂಡ್ ಮತ್ತು ಆಫ್ರಿಕಾದ ಐದು ದೇಶಗಳಲ್ಲಿ ಮಾಡಿದ್ದು, 2019ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಎಚ್‌ಐವಿ ಇಲ್ಲದ, ಎಕ್ಸ್-ರೇಯಲ್ಲಿ ನ್ಯುಮೋನಿಯಾ ಕಂಡ ಮಕ್ಕಳಲ್ಲಿ ಕಾರಣ ಶೇ. 61ರಷ್ಟು ವೈರಸ್, ಶೇ. 27ರಷ್ಟು ಬ್ಯಾಕ್ಟೀರಿಯಾ. ಆರ್‌ಎಸ್‌ವಿ ಒಂದೇ ಶೇ. 31. ಇದರಲ್ಲಿ ಭಾರತ ಇಲ್ಲ, ನಮ್ಮ ಪಂಚಾಯತಿಗೆ ಹಾಗೇ ತಂದು ಅಂಟಿಸಲು ಬರುವುದಿಲ್ಲ. ಅದಕ್ಕೇ ನಮ್ಮ ಮಕ್ಕಳ ಕಾರಣ ನಾವೇ ಹುಡುಕಬೇಕು, ಅಲ್ವಾ?

ಲಸಿಕೆಯ ಕಾಲಂ ಸಹ ಇದಕ್ಕೇ ಬೇಕು. ನ್ಯುಮೋನಿಯಾ ತರುವ ಹಿಬ್ ಬ್ಯಾಕ್ಟೀರಿಯಾವನ್ನು ತಡೆಯುವ ಪೆಂಟಾವೇಲೆಂಟ್ ಲಸಿಕೆ ದೇಶದಲ್ಲಿ ಮೊದಲು ಶುರುವಾದದ್ದು 2011ರ ಡಿಸೆಂಬರಿನಲ್ಲಿ, ಕೇರಳ ಮತ್ತು ತಮಿಳುನಾಡಿನಲ್ಲಿ. ನ್ಯುಮೋನಿಯಾ ತರುವ ಇನ್ನೊಂದು ಬ್ಯಾಕ್ಟೀರಿಯಾ ನ್ಯುಮೋಕಾಕಸ್. ಅದರ ಲಸಿಕೆ ಪಿಸಿವಿ ನಮ್ಮಲ್ಲಿಗೆ ಬಂದದ್ದು 2021ರಲ್ಲಿ. ಮಗುವಿಗೆ ಆರು ವಾರ, 14 ವಾರ, 9 ತಿಂಗಳು ಆದಾಗ ಕೊಡುವುದು. ಬಾಣಂತನಕ್ಕೆ ಪುತ್ತೂರು, ಬಂಟ್ವಾಳದ ತವರಿಗೆ ಹೋದವರ ಮಗುವಿಗೆ ಮೊದಲ ಡೋಸ್ ಅಲ್ಲೇ ಆಗಿರುತ್ತದೆ. ನಮ್ಮ ರಿಜಿಸ್ಟರಿನಲ್ಲಿ ಖಾಲಿ. “ಹಾಕಿಸಿದ್ದೇವೆ” ಎಂಬ ಮಾತಿಗೆ ನಿಲ್ಲದೆ ಕರ್ನಾಟಕದ ತಾಯಿ ಕಾರ್ಡ್ ತರಿಸಿ ನೋಡುತ್ತೇನೆ.

ಇನ್ನೊಬ್ಬರ ಕತೆ ಹೇಳಲೇಬೇಕು. ಐವತ್ತು ದಾಟಿದ ಒಬ್ಬರು, ಕಂಗಿನ (ಅಡಿಕೆ) ತೋಟದ ಕೆಲಸ. ಸಕ್ಕರೆ ಕಾಯಿಲೆ ಉಂಟು. ಜುಲೈಯಲ್ಲಿ ಜ್ವರ, ಕೆಮ್ಮು, ಮೈ ಇಳಿಯುವುದು. ಒಂದು ಕಡೆ ಕ್ಷಯ ಇರಬಹುದು ಎಂದರು, ಕಫದ ಪರೀಕ್ಷೆಯಲ್ಲಿ ಬರಲಿಲ್ಲ. ದಿನ ಹೋಯಿತು. ದಮ್ಮು ಏರಿದಾಗ ಗಡಿ ದಾಟಿದರು. ಅಲ್ಲಿ ರಕ್ತದ ಕಲ್ಚರ್, ಅಂದರೆ ರಕ್ತದಲ್ಲಿರುವ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ, ಮಾಡಿದಾಗ ಸಿಕ್ಕಿದ್ದು ಮೆಲಿಯೊಯ್ಡೋಸಿಸ್. ಮಣ್ಣಿನಲ್ಲಿ, ನಿಂತ ನೀರಿನಲ್ಲಿ ಇರುವ ಬ್ಯಾಕ್ಟೀರಿಯಾದಿಂದ ಬರುವ ಕಾಯಿಲೆ ಅದು. ಆ ಬ್ಯಾಕ್ಟೀರಿಯಾ ಕಾಲಿನ ಗಾಯದಿಂದ ಒಳಗೆ ಹೋಗಬಹುದು, ಉಸಿರಿನಲ್ಲೂ ಹೋಗಬಹುದು. ಸಕ್ಕರೆ ಕಾಯಿಲೆ ಇದ್ದವರಿಗೆ ಅಪಾಯ ಜಾಸ್ತಿ. ನಮ್ಮ ಕರಾವಳಿಯಲ್ಲಿ ಮಳೆ ಬಂದ ಮೇಲೆ ಕಾಣುವುದು. ನೋಡಲು ಕ್ಷಯದ ಹಾಗೇ ಇರುತ್ತದೆ.

ಅವರ ಹೆಂಡತಿ ಆಸ್ಪತ್ರೆಯ ಕಾಗದಗಳನ್ನೆಲ್ಲ ಜವುಳಿ ಅಂಗಡಿಯ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿ ಅಟ್ಟದ ಮೇಲೆ ಇಟ್ಟಿದ್ದರು. ಕೆಳಗಿಳಿಸಿ ಓದಿದಾಗ ಎದೆ ಧಸಕ್ಕೆಂದಿತು. ಈ ಕಾಯಿಲೆಗೆ ಮೊದಲು ಎರಡು ವಾರದಷ್ಟು ರಕ್ತನಾಳಕ್ಕೆ ಇಂಜೆಕ್ಷನ್, ಆಮೇಲೆ ಕಮ್ಮಿಯೆಂದರೆ ಮೂರು ತಿಂಗಳು ಮಾತ್ರೆ. ನಡುವೆ ಬಿಟ್ಟರೆ ಮರುಕಳಿಸುತ್ತದೆ. ಇವರು ಹುಷಾರಾದೆ ಎಂದು 20 ದಿನಕ್ಕೇ ನಿಲ್ಲಿಸಿದ್ದರು. “ಜ್ವರ ಇಲ್ಲ ಅಲ್ಲವಾ ಸಿಸ್ಟರ್, ಮತ್ತೆ ಯಾಕೆ?” ಎಂದರು. ಅವತ್ತೇ ನಮ್ಮ ಡಾಕ್ಟರಿಗೆ ತಿಳಿಸಿದೆ. ಅವರು ಮಂಗಳೂರಿನ ಡಾಕ್ಟರ ಜೊತೆ ಮಾತಾಡಿ ಮಾತ್ರೆ ಮತ್ತೆ ಶುರು ಮಾಡಿಸಿದರು. ಆಶಾ ಕಾರ್ಯಕರ್ತೆ ವಾರಕ್ಕೊಮ್ಮೆ ಖಾಲಿ ಸ್ಟ್ರಿಪ್ ನೋಡಿ ಬರುತ್ತಿದ್ದರು. ‘ಎಲ್ಲಿಗೆ ಹೋದರು’ ಎಂದು ಕೇಳದಿದ್ದರೆ ಇದು ನಮಗೆ ಗೊತ್ತೇ ಆಗುತ್ತಿರಲಿಲ್ಲ. ಈಗ ಸಕ್ಕರೆ ಕಾಯಿಲೆ ಇದ್ದು ತೋಟ, ಗದ್ದೆಯಲ್ಲಿ ದುಡಿಯುವವರಿಗೆ ಮಳೆಗಾಲದ ಮುಂಚೆಯೇ ಬೂಟಿನ ಬಗ್ಗೆ ಹೇಳುತ್ತೇವೆ. ಜ್ವರ ಬಿಡದಿದ್ದರೆ ರಕ್ತದ ಕಲ್ಚರ್ ಬೇಕಾ ಎಂದು ಡಾಕ್ಟರಲ್ಲಿ ಕೇಳಿ ಅನ್ನುತ್ತೇವೆ.

ನಮ್ಮಲ್ಲೇ ದಾಖಲಾದವರ ಸ್ವ್ಯಾಬ್ ತೆಗೆಯುವುದರಲ್ಲಿ ನಾನು ಒಂದು ತಪ್ಪು ಮಾಡಿದ್ದೇನೆ. ಸ್ವ್ಯಾಬ್ ಶುರುವಿನ ಮೂರು ನಾಲ್ಕು ದಿನದೊಳಗೆ ತೆಗೆದರೆ ಒಳ್ಳೆಯದು. ಮರದ ಕಡ್ಡಿಗೆ ಹತ್ತಿ ಸುತ್ತಿದ್ದು ನಡೆಯುವುದಿಲ್ಲ, ನೈಲಾನ್, ಪಾಲಿಯೆಸ್ಟರಿನಂಥ ಕೃತಕ ನೂಲಿನದೇ ಆಗಬೇಕು. ತೆಗೆದು ಗುಲಾಬಿ ಬಣ್ಣದ ದ್ರಾವಣ ಇರುವ ಟ್ಯೂಬಿಗೆ ಇಳಿಸಿ, ಕಡ್ಡಿ ಮುರಿದು, ಮುಚ್ಚಳ ಬಿಗಿದು, ಮೂರು ಪದರ ಪ್ಯಾಕ್ ಮಾಡಿ, 2ರಿಂದ 8 ಡಿಗ್ರಿಯಲ್ಲಿ ಕಳಿಸಬೇಕು. ಎಲ್ಲ ಸರಿ ಮಾಡಿದ್ದೆ. ಲೇಬಲ್ ಮಾತ್ರ ಮಾಮೂಲಿ ಶಾಯಿ ಪೆನ್ನಿನಲ್ಲಿ ಬರೆದಿದ್ದೆ. ಐಸ್ ಪ್ಯಾಕಿನ ಬೆವರು ತಾಗಿ ಹೆಸರು, ನಂಬರು ಎಲ್ಲ ನೀಲಿ ಕಲೆ. ಲ್ಯಾಬಿನವರು ವಾಪಸ್ ಮಾಡಿದರು. ಅಷ್ಟರಲ್ಲಿ ಆ ಅಜ್ಜಿಗೆ ಕಾಯಿಲೆ ಶುರುವಾಗಿ ಒಂಬತ್ತು ದಿನ. ಮತ್ತೆ ತೆಗೆದದ್ದರಲ್ಲಿ ಏನೂ ಸಿಗಲಿಲ್ಲ. ಫ್ಲೂ ಆಗಿದ್ದರೆ ಔಷಧಿ ಮೊದಲ 48 ಗಂಟೆಯಲ್ಲೇ ಚೆನ್ನಾಗಿ ಕೆಲಸ ಮಾಡುವುದು. ಮೊದಲೇ ಗೊತ್ತಾಗಿದ್ದರೆ ಮನೆಯ ಉಳಿದವರನ್ನಾದರೂ ಬೇಗ ನೋಡಬಹುದಿತ್ತು. ಈಗ ಅಳಿಯದ ಮಾರ್ಕರ್, ಮೇಲೆ ಸೆಲ್ಲೋಟೇಪು.

ಲೆಕ್ಕ ಹಾಕುವಾಗಲೂ ಎಚ್ಚರ ಬೇಕು. ಒಂದು ವಾರ ‘ಸಾರಿ’ ಕೇಸ್ ಆರು ಎಂದರೆ ಜಾಸ್ತಿಯೋ ಕಮ್ಮಿಯೋ? ಆ ವಾರ ಒಟ್ಟು ಎಷ್ಟು ಜನ ದಾಖಲಾದರು ಎಂದು ಗೊತ್ತಿಲ್ಲದೆ ಹೇಳಲಾಗದು. ಹೊಸ ಮಕ್ಕಳ ಡಾಕ್ಟರು ಬಂದರೆ ಸಾಕು, ಕಾಯಿಲೆ ಏರದಿದ್ದರೂ ಸಂಖ್ಯೆ ಏರುತ್ತದೆ. ಹಾಗಾಗಿ ಎರಡೂ ಬರೆಯುತ್ತೇವೆ. ಒಬ್ಬರೇ ಎರಡು ಸಲ ಎಣಿಕೆಯಾಗುವುದು, ಇಲ್ಲವೇ ಬೇರೆ ಊರಿನ ಲೆಕ್ಕಕ್ಕೆ ಹೋಗುವುದು ಇನ್ನೊಂದು ತೊಡಕು. ಮಂಗಳೂರಿನಲ್ಲಿ ದಾಖಲಾಗುವಾಗ ಕೆಲವರು ಗಡಿಯಾಚೆ ತೊಕ್ಕೊಟ್ಟಿನ ನೆಂಟರ ವಿಳಾಸ ಕೊಟ್ಟಿರುತ್ತಾರೆ. ಕಾಯಿಲೆಗಳ ವರದಿ ಸೇರಿಸುವ ಸರಕಾರದ ಐಎಚ್‌ಐಪಿ ಪೋರ್ಟಲ್ 2021ರಿಂದ ಇಡೀ ದೇಶಕ್ಕೆ ಒಂದೇ ಆದರೂ ವಿಳಾಸ ತಪ್ಪಿದ್ದರೆ ಆ ಕೇಸ್ ನಮ್ಮ ಹಳ್ಳಿಗೆ ಬಂದು ಸೇರುವುದಿಲ್ಲ. ವಯಸ್ಸು, ಶುರುವಾದ ತಾರೀಕು, ಮನೆ ನಂಬರು ಈ ಮೂರನ್ನೂ ತಾಳೆ ನೋಡಿ ಜಿಲ್ಲೆಗೆ ತಿಳಿಸುತ್ತೇವೆ. ದಾಖಲಾಗುವಾಗ ನಿಮ್ಮ ಸ್ವಂತ ಮನೆಯ ವಿಳಾಸವನ್ನೇ ಕೊಡಿ ಎಂದು ಪ್ರತಿ ಮನೆಯಲ್ಲೂ ಕೇಳಿಕೊಳ್ಳುತ್ತೇನೆ.

‘ಕಾರಣ ಗೊತ್ತಾಗಲಿಲ್ಲ’ ಎಂದು ಬರೆಯಲು ಮೊದಲು ನಾಚಿಕೆಯಾಗುತ್ತಿತ್ತು. ಈಗ ಆಗುವುದಿಲ್ಲ. 2019ರ ಕೊನೆಯಲ್ಲಿ ವುಹಾನ್‌ನಿಂದ ಬಂದ ಮೊದಲ ಸುದ್ದಿಯೇ ‘ಕಾರಣ ಗೊತ್ತಿಲ್ಲದ ನ್ಯುಮೋನಿಯಾ’. 2020ರ ಫೆಬ್ರವರಿ 3ರಂದು ದೇಶದ ಮೂರನೇ ಕೋವಿಡ್ ಕೇಸ್ ಗೊತ್ತಾದದ್ದು ನಮ್ಮ ಜಿಲ್ಲೆಯಲ್ಲೇ. 2018ರ ಮೇಯಲ್ಲಿ ಕೋಝಿಕ್ಕೋಡಿನಲ್ಲಿ ನಿಪಾ ವೈರಸ್ ಬೇಗ ಪತ್ತೆಯಾದದ್ದು ಒಂದೇ ಮನೆಯಲ್ಲಿ ಒಬ್ಬರ ನಂತರ ಇನ್ನೊಬ್ಬರು ಹಾಗೇ ಕಾಯಿಲೆ ಬಿದ್ದದ್ದನ್ನು ಡಾಕ್ಟರುಗಳು ಗಮನಿಸಿದ್ದರಿಂದ. ಸ್ಯಾಂಪಲ್ ಹೋದದ್ದು ಮಣಿಪಾಲದ ಲ್ಯಾಬಿಗೆ. ಹಾಗಾಗಿ ಒಂದೇ ಮನೆಯಲ್ಲಿ ಇಬ್ಬರು, ಆರೋಗ್ಯ ಸಿಬ್ಬಂದಿಗೇ ಜೋರಾದ ಕಾಯಿಲೆ, ಊರಲ್ಲಿ ಕೋಳಿ-ಬಾತು ಸಾಯುವುದು, ಇಂಥದ್ದು ಕಂಡರೆ ವಾರದ ವರದಿಗೆ ಕಾಯದೆ ಆಗಲೇ ಫೋನ್ ಮಾಡುತ್ತೇನೆ. ರಾತ್ರಿಯಾದರೂ.

2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ದಮ್ಮು ಏರಿದವರನ್ನು ಎಲ್ಲಿಗೆ ಕಳಿಸುವುದೆಂದು ತೋಚದೆ ನಿಂತದ್ದು ನನಗೆ ಇನ್ನೂ ಮರೆತಿಲ್ಲ. ಅಲ್ಲಿಂದಲೇ ಊರಿನ ನಾಲ್ವರು ಆಂಬ್ಯುಲೆನ್ಸ್ ಚಾಲಕರ ನಂಬರು ನೋಟ್‌ಬುಕ್ಕಿನ ಹಿಂದಿನ ರಟ್ಟಿನಲ್ಲಿ ಬರೆದಿಟ್ಟಿದ್ದು. ಈಗ ಅವರೇ ಫೋನ್ ಮಾಡುತ್ತಾರೆ: “ಸಿಸ್ಟರ್, ನಿಮ್ಮ ಏಳನೇ ವಾರ್ಡಿನವರು, ಇವತ್ತು ಬೆಳಗ್ಗೆ ಇಳಿಸಿ ಬಂದೆ.” ಆ ವಾರ್ಡಿನ ಕೇಸು ಮೊನ್ನೆಯದು. 34 ವರ್ಷದ ಬೀಡಿ ಕಟ್ಟುವ ಹೆಂಗಸು, ಜ್ವರ ಶುರುವಾದದ್ದು ಭಾನುವಾರ. ಸ್ವ್ಯಾಬ್ ಹೋಗಿದೆ. ಮನೆಯಲ್ಲಿ ಇಬ್ಬರು ಮಕ್ಕಳು, ಒಬ್ಬ ಮುದುಕ. ನಾಳೆ ಬೆಳಗ್ಗೆ ಅವರ ಉಸಿರು ಎಣಿಸಲು ಹೋಗಬೇಕು.