ಚಿಪ್ಪರ್ ಬೇರಿಂಗ್: ಸುತ್ತಿಗೆ ಬೇಡ, ಬಿಸಿ ಎಣ್ಣೆ ಸಾಕು

ಜಾಲಿ ಕೊಂಬೆ, ಹತ್ತಿ ಕಟ್ಟಿಗೆ ಪುಡಿ ಮಾಡುವ ಚಿಪ್ಪರ್‌ಗೆ ಹೊಸ ರೋಲರ್ ಬೇರಿಂಗ್ ಹಾಕುವಾಗ ಬಡಿಯಬೇಡಿ, ಬಿಸಿ ಮಾಡಿ ಶಾಫ್ಟ್‌ಗೆ ಜಾರಿಸಿ. ಡಬ್ಬಿಯಲ್ಲಿ ಹೊಸ ಎಂಜಿನ್ ಆಯಿಲ್ ಹಾಕಿ, ಬೇರಿಂಗನ್ನು ತಂತಿಗೆ ಕಟ್ಟಿ ತಳಕ್ಕೆ ತಾಗದಂತೆ ಮುಳುಗಿಸಿ. ಆ ಡಬ್ಬಿಯನ್ನು ಕುದಿಯುವ ನೀರಿನ ಪಾತ್ರೆಯೊಳಗೆ ಅರ್ಧ ಗಂಟೆ ಇಡಿ. ಎಣ್ಣೆಗೆ ನೀರು ಬೀಳಬಾರದು, ಅಷ್ಟೇ. ಪಾತ್ರೆಯಲ್ಲಿ ನೀರು ಇರುವ ತನಕ ಬಿಸಿ 100 ಡಿಗ್ರಿ ದಾಟುವುದಿಲ್ಲ, ಥರ್ಮಾಮೀಟರ್ ಬೇಕಿಲ್ಲ. 50 ಮಿ.ಮೀ. ಬೋರ್ (ಬೇರಿಂಗಿನ ಒಳ ತೂತು) ಸುಮಾರು 0.03–0.04 ಮಿ.ಮೀ. ಹಿಗ್ಗುತ್ತದೆ. ಕೂದಲೆಳೆಗಿಂತ ಕಡಿಮೆ, ಆದರೂ ಸಾಮಾನ್ಯ ಬಿಗಿತಕ್ಕೆ ಸಾಕು. ಸುತ್ತಿಗೆ ಏಟು ರೋಲರ್ ಓಡುವ ದಾರಿಯಲ್ಲೇ ಗುಳಿ ಬೀಳಿಸುತ್ತದೆ, ಹೊಸ ಬೇರಿಂಗ್ ಬೇಗ ಸದ್ದು ಮಾಡುವುದು ಅದಕ್ಕೇ. ದಪ್ಪ ಕೈಗವಸು ಹಾಕಿ ಒಂದೇ ಸಲಕ್ಕೆ ಶಾಫ್ಟಿನ ಭುಜದವರೆಗೆ (ಶಾಫ್ಟ್ ದಪ್ಪವಾಗುವ ಮೆಟ್ಟಿಲು) ತಳ್ಳಿ, ತಣ್ಣಗಾಗುವ ತನಕ ಒತ್ತಿ ಹಿಡಿಯಿರಿ. ಇಲ್ಲವಾದರೆ ಹಿಂದೆ ಸರಿದು ಸಂದು ಉಳಿಯುತ್ತದೆ. ನಮ್ಮ ರಾಯಚೂರು ಬಿಸಿಲಲ್ಲಿ ಮಧ್ಯಾಹ್ನ ಇದು ಕೈಕೊಡಬಹುದು: ಶಾಫ್ಟೂ ಕಾದಿರುತ್ತದಲ್ವಾ! ಬೆಳಿಗ್ಗೆ ನೆರಳಲ್ಲಿ ಮಾಡಿ. ಎರಡೂ ಕಡೆ ರಬ್ಬರ್ ಸೀಲ್ ಇರುವ ಬೇರಿಂಗನ್ನು ಮಾತ್ರ ಎಣ್ಣೆಗೆ ಹಾಕಬೇಡಿ, ಒಳಗಿನ ಗ್ರೀಸ್ ಕೆಡುತ್ತದೆ. ಬೇರಿಂಗ್ ತಣ್ಣಗಿದ್ದಾಗಲೇ ಸಲೀಸಾಗಿ ಶಾಫ್ಟ್‌ಗೆ ಹೋಗುತ್ತಿದ್ದರೆ ಶಾಫ್ಟೇ ಸವೆದಿದೆ, ಮೊದಲು ಲೇತ್ ಅಂಗಡಿಗೆ ಒಯ್ಯಿರಿ.