ಅಂಗಾಂಗ ಕಸಿಯ ಪಾಠವನ್ನು ನಾನು ಮಿದುಳಿನ ಸಾವಿನಿಂದ ಆರಂಭಿಸುತ್ತೇನೆ

ವೈದ್ಯಕೀಯ ವಿದ್ಯಾರ್ಥಿಗಳಿಗೆ ಅಂಗಾಂಗ ಕಸಿಯನ್ನು ಕಲಿಸುವಾಗ 1954ರ ಮೊದಲ ಯಶಸ್ವಿ ಮೂತ್ರಪಿಂಡ ಕಸಿಯಿಂದಲೋ ಅಂಗಾಂಶ ಹೊಂದಾಣಿಕೆಯಿಂದಲೋ ಆರಂಭಿಸುವುದು ವಾಡಿಕೆ. ನಾನು ಆ ಕ್ರಮವನ್ನು ಬಿಟ್ಟು, ಮೊದಲ ತರಗತಿಗಳನ್ನೆಲ್ಲ ಮಿದುಳಿನ ಸಾವಿಗೇ ಮೀಸಲಿಡುತ್ತೇನೆ. ಮಿದುಳು ಮತ್ತೆಂದೂ ಚೇತರಿಸದಂತೆ ನಿಂತುಹೋಗಿ, ಉಸಿರಾಟದ ಯಂತ್ರವಾದ ವೆಂಟಿಲೇಟರಿನ ನೆರವಿನಿಂದ ಹೃದಯ ಬಡಿಯುತ್ತಿರುವ ಸ್ಥಿತಿ ಇದು; ಹೃದಯದಂಥ ಅಂಗಗಳು ಹೆಚ್ಚಾಗಿ ದಾನವಾಗಿ ಸಿಗುವುದು ಇಂಥವರಿಂದ. ಕಸಿ ಮಾಡಿದ ಅಂಗವನ್ನು ದೇಹ ತಿರಸ್ಕರಿಸದಂತೆ ತಡೆಯುವ ಸೈಕ್ಲೋಸ್ಪೊರಿನ್‌ನಂಥ ಔಷಧಗಳ ವಿಚಾರವನ್ನು ಅವರು ಓದಿಯೇ ತಿಳಿಯಬಲ್ಲರು. ಆದರೆ ಎದೆ ಏರಿಳಿಯುತ್ತಿರುವ, ಮೈ ಬೆಚ್ಚಗಿರುವ ವ್ಯಕ್ತಿ ತೀರಿಕೊಂಡಿದ್ದಾನೆಂದು ತಾವೇ ಪೂರ್ತಿ ಒಪ್ಪದ ವೈದ್ಯರು ಅದನ್ನು ಮನೆಯವರಿಗೆ ತಿಳಿಸಲು ಹೋದರೆ, ಆ ಅಳುಕು ಎದುರಿಗಿದ್ದವರಿಗೆ ಕೂಡಲೇ ಗೊತ್ತಾಗುತ್ತದೆ.

ಆದ್ದರಿಂದ ತೀವ್ರ ನಿಗಾ ಘಟಕದಲ್ಲಿ ಪರೀಕ್ಷೆಗಳು ನಡೆಯುವಾಗ ವಿದ್ಯಾರ್ಥಿಗಳನ್ನು ಹಾಸಿಗೆಯ ಪಕ್ಕದಲ್ಲೇ ನಿಲ್ಲಿಸಿಕೊಳ್ಳುತ್ತೇನೆ. ಕೋಮಾಕ್ಕೆ ಕಾರಣ ಖಚಿತವಾಗಿರಬೇಕು, ಮಂಪರು ಔಷಧಗಳ ಪ್ರಭಾವ ಇಳಿದಿರಬೇಕು, ದೇಹ ತಣ್ಣಗಾಗಿರಬಾರದು, ರಕ್ತದೊತ್ತಡ ಕುಸಿದಿರಬಾರದು. ಇವಿಷ್ಟೂ ದೃಢವಾಗುವವರೆಗೆ ಟಾರ್ಚ್ ಹಿಡಿಯಲೂ ಬಿಡುವುದಿಲ್ಲ. ಅನಂತರ ಕಣ್ಣಿನ ಪಾಪೆ, ಕಾರ್ನಿಯಾ, ಕೆಮ್ಮು ಮೊದಲಾದ ಮಿದುಳು ಕಾಂಡದ ರಿಫ್ಲೆಕ್ಸ್‌ಗಳು (ತಾನಾಗಿ ಆಗುವ ಪ್ರತಿಕ್ರಿಯೆಗಳು), ಕೊನೆಗೆ ವ್ಯಕ್ತಿ ತಾನಾಗಿ ಉಸಿರಾಡುತ್ತಾನೆಯೇ ಎಂದು ನೋಡುವ ಆಪ್ನಿಯಾ ಪರೀಕ್ಷೆ. ಆಮ್ಲಜನಕವನ್ನು ಮೊದಲೇ ಧಾರಾಳವಾಗಿ ಕೊಟ್ಟು ವೆಂಟಿಲೇಟರಿನಿಂದ ಬೇರ್ಪಡಿಸಿದ ಮೇಲೆ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡಿನ ಒತ್ತಡ ಉಸಿರಾಟವನ್ನು ಪ್ರಚೋದಿಸಲೇಬೇಕಾದ 60 ಮಿ.ಮೀ. ಪಾದರಸದ ಮಟ್ಟವನ್ನು ದಾಟಿದರೂ ಎದೆ ಅಲುಗದಿರುವುದನ್ನು ಕಣ್ಣಾರೆ ಕಂಡವರಿಗೆ ನನ್ನ ಉಪನ್ಯಾಸದ ಅಗತ್ಯ ಅಷ್ಟಾಗಿ ಬೀಳುವುದಿಲ್ಲ. ಮಿದುಳಿನ ನೆರವಿಲ್ಲದೆಯೂ ಉಂಟಾಗುವ ಬೆನ್ನುಹುರಿಯ ರಿಫ್ಲೆಕ್ಸ್‌ಗಳ ಬಗ್ಗೆ ಮಾತ್ರ ಮುಂಚಿತವಾಗಿ ಹೇಳಿರಬೇಕು. ಇಲ್ಲದಿದ್ದರೆ ಕೈ ತಾನಾಗಿ ಮೇಲೇಳುವುದನ್ನು ಕಂಡು ಕಲಿತದ್ದನ್ನೆಲ್ಲ ಅನುಮಾನಿಸುತ್ತಾರೆ. ಅನುಮಾನಿಸಲಿ, ಆದರೆ ಮನೆಯವರ ಎದುರಿನಲ್ಲಿ ಮೊದಲ ಬಾರಿಗೆ ಬೇಡ.

ಮನೆಯವರೊಡನೆ ಮಾತಾಡುವುದನ್ನು ಪಾತ್ರಾಭಿನಯದ ಮೂಲಕ ಅಭ್ಯಾಸ ಮಾಡಿಸುತ್ತೇನೆ. ಸಾವಿನ ಸುದ್ದಿಯನ್ನು ಹೇಳಿ, ಅದು ಅವರಿಗೆ ಅರ್ಥವಾದ ಮೇಲೆಯೇ ದಾನದ ಪ್ರಸ್ತಾಪ ಬರಬೇಕು. ಅದನ್ನು ತರಬೇತಾದ ಸಂಯೋಜಕರು ನಡೆಸುವುದು ಮೇಲು. ಸಾವನ್ನು ಘೋಷಿಸುವ ವೈದ್ಯರು ಕಸಿ ತಂಡದಲ್ಲಿರಕೂಡದೆಂಬ ನಿಯಮವನ್ನು ಇಲ್ಲಿಯೇ ವಿವರಿಸುತ್ತೇನೆ. ಹೃದಯವನ್ನು ಸುಮಾರು 4 ಗಂಟೆಗಳೊಳಗೆ ಕಸಿ ಮಾಡಬೇಕೆಂದು ಓದಿಕೊಂಡ ವಿದ್ಯಾರ್ಥಿಗಳು ಆ ಅವಸರವನ್ನು ಮಾತುಕತೆಯ ಕೋಣೆಗೂ ತರುತ್ತಾರೆ. ಆ ಲೆಕ್ಕ ಶುರುವಾಗುವುದು ಶಸ್ತ್ರಚಿಕಿತ್ಸೆಯಲ್ಲಿ ಹೃದಯದ ರಕ್ತಸಂಚಾರವನ್ನು ತಡೆದ ಮೇಲೆಯೇ. ಅಲ್ಲಿಯವರೆಗೆ ರಕ್ತದೊತ್ತಡವನ್ನು ಕಾಯ್ದುಕೊಳ್ಳುವುದು, ಅತಿಯಾಗಿ ಹೋಗುವ ಮೂತ್ರಕ್ಕೆ ತಕ್ಕಂತೆ ದ್ರವ ಮತ್ತು ಮೂತ್ರವನ್ನು ತಗ್ಗಿಸುವ ಹಾರ್ಮೋನಾದ ವ್ಯಾಸೊಪ್ರೆಸಿನ್ ಕೊಡುವುದು ನಿಗಾ ಘಟಕದ ಹೊಣೆ. ಮನೆಯವರನ್ನು ಆತುರಪಡಿಸಲು ಅದು ನೆಪವಾಗಬಾರದು.

ಈ ಅಭ್ಯಾಸದಲ್ಲಿ ದಾನಕ್ಕೆ ಒಪ್ಪಿಗೆ ಪಡೆದದ್ದಕ್ಕೆ ನಾನು ಅಂಕ ಇಟ್ಟಿಲ್ಲ. ಮನೆಯವರ ಪಾತ್ರದಲ್ಲಿರುವವರು ಬೇಡವೆಂದು ಎದ್ದುಹೋದರೂ, ಮಾತುಕತೆ ಸ್ಪಷ್ಟವೂ ಸಾವಧಾನವೂ ಆಗಿದ್ದರೆ ಪೂರ್ಣ ಅಂಕ ಕೊಡುತ್ತೇನೆ.